ಮುಂದಿನ ಎರಡು ಹಲ್ಲು

ತುಟಿ ಒಡೆದಿರಲಿಲ್ಲ. ಚನ್ನಬಸಯ್ಯನಿಗೆ ಇಪ್ಪತ್ತೆರಡು ವರ್ಷದಿಂದ ಅರಗದೆ ಉಳಿದದ್ದು ಅದೊಂದೇ. ಕಲ್ಲಿನ ಮೇಲೆ ಬೋರಲು ಬಿದ್ದವಳ ಮುಂದಿನ ಎರಡು ಹಲ್ಲು ಹೋಗುತ್ತವೆ, ತುಟಿಗೆ ಮಾತ್ರ ಒಂದು ಗೀರೂ ಆಗುವುದಿಲ್ಲ ಎಂದರೆ ಅದು ಎಂಥ ಬೀಳುವಿಕೆ?

"ಮಾವಾರ, ಗಟ್ಟಿ ಹಿಡೀರಿ. ಅಕ್ಕ ಒಂದ ಕಡಿ ವಾಲಾಕತ್ತಾಳ," ಎಂದಳು ಕಾಶವ್ವ.

ಚನ್ನಬಸಯ್ಯ ಹೆಂಡತಿಯ ಹೆಗಲನ್ನು ಗೋಡೆಗೆ ಒತ್ತಿ ಹಿಡಿದ. ಗಂಗಾದೇವಿಯನ್ನು ಮಣೆಯ ಮೇಲೆ ಕೂಡಿಸಿದ್ದರು. ಮೈ ತೊಳೆದು, ಹಸಿರು ಇಳಕಲ್ ಸೀರೆ ಉಡಿಸಿ, ಹಣೆಗೆ ವಿಭೂತಿ ಬಳಿದು, ಅದರ ಕೆಳಗೆ ಕಾಸಿನಗಲ ಕುಂಕುಮ ಇಟ್ಟಾಗಿತ್ತು. ಪಾರಿಶ್ವಾಡದಿಂದ ನಸುಕಿನ ಬಸ್ಸಿಗೇ ಬಂದಿದ್ದ ತಂಗಿ ಕಾಶವ್ವ ಎದೆಗೆ ಬಟ್ಟೆ ಸುತ್ತಿ ಗೋಡೆಯ ಗೂಟಕ್ಕೆ ಕಟ್ಟಿದಳು. ಕೂತ ಹೆಣಕ್ಕೆ ಒಂದು ತರದ ಎಚ್ಚರ ಇರುತ್ತದೆ. ಗಂಗವ್ವ ಈಗ ಯಾರದೋ ಮಾತಿಗೆ ಎದುರು ಜವಾಬು ಹುಡುಕುತ್ತಿರುವವಳಂತೆ ಕಾಣುತ್ತಿದ್ದಳು.

ಬಾಗಿಲಲ್ಲಿ ನಿಂತ ಹೆಂಗಸರು ಅವಳನ್ನು ನೋಡಿ, ಆಮೇಲೆ ಅವನನ್ನು ನೋಡಿ, ಸೆರಗನ್ನು ಬಾಯಿಗೆ ಒತ್ತಿಕೊಳ್ಳುತ್ತಿದ್ದರು. ಆ ಎರಡನೆಯ ನೋಟ ಅವನಿಗೆ ಪರಿಚಯದ್ದು. ಖಾನಾಪುರದ ಸ್ಟೇಷನ್ ಓಣಿಯಲ್ಲಿ ಈ ಮನೆ ಹಿಡಿದಂದಿನಿಂದ ಕಿರಾಣಿ ಅಂಗಡಿಯಲ್ಲಿ, ನಳದ ಸಾಲಿನಲ್ಲಿ, ಎಲ್ಲ ಕಡೆಯೂ ಅದು ಅವನ ಬೆನ್ನಿಗೆ ಬಂದಿತ್ತು. ನಾಟಕ ಕಂಪನಿಯ ಹಾಸ್ಯದ ಗಂಗವ್ವನ ಗಂಡ, ಹಾರ್ಮೋನಿಯಂ ನುಡಿಸುವ ಪೇಟಿ ಮಾಸ್ತರ. ಹೊಡೆದು ಹಲ್ಲು ಮುರಿದವನು ಇವನೇ ಎನ್ನುವ ನೋಟ.

ಮಗಳು ಸಂಗವ್ವ ಸೆರಗಿನ ಗಂಟು ಬಿಚ್ಚಿದಳು. ಒಳಗಿದ್ದದ್ದು ಗುಲಾಬಿ ಬಣ್ಣದ ಅಚ್ಚಿಗೆ ಕೂಡಿಸಿದ ಎರಡು ಹಲ್ಲು. ಅವಳು ಬೆಳಗಾವಿಯ ದವಾಖಾನೆಯಲ್ಲಿ ನರ್ಸ್. ಮೊದಲ ಪಗಾರದಲ್ಲಿ ತಾಯಿಗೆ ಕಟ್ಟಿಸಿಕೊಟ್ಟ ಹಲ್ಲು ಅವು. ಗಂಗವ್ವ ಒಂದು ಹಗಲು ಹಾಕಿಕೊಂಡು, "ಬಾಯಾಗ ಬೀಗರು ಬಂದು ಕುಂತಂಗ ಆಗತೈತಿ, ಏಳ್ರಿ ಅನ್ನಾಕೂ ಬರೂದಿಲ್ಲ," ಎಂದು ತೆಗೆದು ಡಬ್ಬಿಯಲ್ಲಿ ಇಟ್ಟಿದ್ದಳು.

"ಜೀವ ಇದ್ದಾಗ ಹಾಕ್ಕೊಳ್ಳಲಿಲ್ಲ. ಈಗ್ಯಾಕ?" ಎಂದ ಚನ್ನಬಸಯ್ಯ.

ಸಂಗವ್ವ ಹೆದರದೆ ತಾಯಿಯ ದವಡೆ ಒತ್ತಿ, ಹಲ್ಲನ್ನು ಕೂಡಿಸಿ, ತುಟಿ ಮುಚ್ಚಿದಳು. ಅಪ್ಪನ ಮುಖ ನೋಡದೆ ಹೇಳಿದಳು: "ಮಂದಿ ಬರ್ತಾರ, ನೋಡ್ತಾರ, ಮತ್ತ ಅದನ್ನ ಆಡ್ಕೋತಾರ. ಇವತ್ತೊಂದಿನರೆ ಬ್ಯಾಡ. ನಿಮಗ ಛಲೋ ಅಂತನ ಮಾಡಾಕತ್ತೀನಪ್ಪಾ."

ನಿಮಗ ಛಲೋ. ಅವನ ಕೈ ಹೆಂಡತಿಯ ಹೆಗಲ ಮೇಲೆಯೇ ನಿಂತಿತು. ಇವಳೂ ನಂಬಿದ್ದಾಳೆ. ಆಗ ಕೂಸು, ತಟ್ಟಿಯ ಮರೆಯಲ್ಲಿ ಮಲಗಿದ್ದ ಕೂಸು, ಅದಕ್ಕೇನು ಗೊತ್ತು ಎಂದುಕೊಂಡಿದ್ದ. ಇಪ್ಪತ್ತೆರಡು ವರ್ಷ ಊಟಕ್ಕೆ ಎದುರು ಕೂತವಳು, ಕಾಲು ಮುಟ್ಟಿ ಬೆಳಗಾವಿ ಬಸ್ಸು ಹತ್ತುತ್ತಿದ್ದವಳು, ಒಳಗೆ ಇದನ್ನು ಇಟ್ಟುಕೊಂಡೇ ಹತ್ತುತ್ತಿದ್ದಳು.

ಹೊತ್ತು ಮುಳುಗುವುದರೊಳಗೆ ಮಣ್ಣು ಎಂದು ಮಠದ ಅಯ್ಯನವರು ಹೇಳಿಕಳಿಸಿದ್ದರು. ಅಷ್ಟರೊಳಗೆ ಮದರಬೀ ಬರಬೇಕು. ಕಂಪನಿಯಲ್ಲಿ ಹೆಂಗಸರ ಬಣ್ಣ, ಬಟ್ಟೆ ನೋಡಿಕೊಳ್ಳುತ್ತಿದ್ದವಳು ಅವಳು. ಹಲ್ಲು ಹೋದ ದಿನ ಗಂಗವ್ವನ ಜೊತೆ ಹೊಳೆಗೆ ಹೋಗಿದ್ದವಳೂ ಅವಳೊಬ್ಬಳೇ. ಅವಳನ್ನು ಕೇಳಬೇಕೆಂದು ಅವನಿಗೆ ಇಷ್ಟು ವರ್ಷ ಅನಿಸಿರಲಿಲ್ಲ ಎಂದಲ್ಲ. ಕೇಳಿದರೆ ಕಂಪನಿಯ ನಾಯಕ ನಟ ಬಂಡೆಪ್ಪನ ಹೆಸರು ಬಂದೀತು ಎಂಬ ಭಯವಿತ್ತು. ಈಗ ಯಾರ ಹೆಸರು ಬಂದರೂ ಸರಿಯೇ. ಸಂಗವ್ವನ ಎದುರಿಗೆ, ಅವಳ ತಾಯಿ ಇನ್ನೂ ಮಣ್ಣಿನ ಮೇಲೆ ಇರುವಾಗಲೇ, 'ಮಾಸ್ತರ ಅಲ್ಲ' ಎಂದು ಮದರಬೀ ಒಂದು ಮಾತು ಹೇಳಬೇಕು. ಅವನಿಗೆ ಬೇಕಾಗಿದ್ದದ್ದು ಅಷ್ಟೇ.

*

ಬೆಳಗಾವಿಯಲ್ಲಿ ಆ ವರ್ಷ ಕಂಪನಿಯ ಟೆಂಟು ಆರು ತಿಂಗಳು ನಿಂತಿತ್ತು. ಗಂಗಾದೇವಿ ಆಗ ಹಾಸ್ಯದವಳಲ್ಲ, ನಾಯಕಿ. ನಕ್ಕರೆ ಕೊನೆಯ ಬೆಂಚಿನವನಿಗೂ ಕಾಣುವಂತಹ ಹಲ್ಲು. ನಾಯಕ ಬಂಡೆಪ್ಪ. ತೋಟದ ಸೀನಿನಲ್ಲಿ ಇಬ್ಬರದೂ ಒಂದು ಹಾಡು. ಹಾಡಿನ ಎರಡನೆಯ ನುಡಿಗೆ ಬಂಡೆಪ್ಪ ಅವಳ ಕೈ ಹಿಡಿಯುವುದು, ಮೂರನೆಯದಕ್ಕೆ ಹೆಗಲು, ಕೊನೆಗೆ ಇಬ್ಬರೂ ಹಲಗೆಯ ಬಾವಿಯ ಕಟ್ಟೆಯ ಮೇಲೆ ಕೂಡುವುದು.

ಚನ್ನಬಸಯ್ಯ ರಂಗದ ಎದುರಿನ ತಗ್ಗಿನಲ್ಲಿ ಪೇಟಿ ಇಟ್ಟುಕೊಂಡು ಕೂಡುತ್ತಿದ್ದ. ಅಲ್ಲಿಂದ ಮೇಲೆ ನೋಡಿದರೆ ಕೈಗಳೇ ಕಾಣುತ್ತಿದ್ದವು. ಬಂಡೆಪ್ಪನ ಹೆಬ್ಬೆರಳು ಅವಳ ಮಣಿಕಟ್ಟಿನ ಮೇಲೆ ಸುಮ್ಮನಿರುತ್ತಿರಲಿಲ್ಲ. ಇದು ಆಟವೋ, ಆಟದೊಳಗಿನ ಇನ್ನೊಂದೋ? ಒಂದು ದಿನ ಅವನ ಎಡಗೈ ತಾನಾಗಿಯೇ ತಿದಿಯನ್ನು ಜೋರಾಗಿ ಒತ್ತಿತು. ಲಯ ಏರಿತು. ತಬಲಾದವನು ಹುಬ್ಬು ಗಂಟಿಕ್ಕಿ ಅವನ ಬೆನ್ನಿಗೆ ಓಡಿದ. ಹಾಡು ಮುಗಿದಾಗ ಬಂಡೆಪ್ಪನ ಕೈ ಇನ್ನೂ ಹೆಗಲನ್ನು ಮುಟ್ಟಿರಲಿಲ್ಲ.

ಆಮೇಲೆ ಅದು ದಿನವೂ ಆಯಿತು. ಮೊದಲು ಸ್ವಲ್ಪ, ಆಮೇಲೆ ಇನ್ನೂ ಸ್ವಲ್ಪ. ಗಂಗಾದೇವಿಗೆ ಉಸಿರು ಸಾಲುತ್ತಿರಲಿಲ್ಲ. ನುಡಿಯ ಕೊನೆಯ ಅಕ್ಷರ ನುಂಗಿ ಮುಂದಿನದಕ್ಕೆ ಹಾರಬೇಕು. ಒಂದು ಶನಿವಾರ ತುಂಬಿದ ಟೆಂಟಿನಲ್ಲಿ ಅವಳು ನಡುವೆಯೇ ಏದುಸಿರು ಬಿಟ್ಟು ನಿಂತುಬಿಟ್ಟಳು. ಹಿಂದಿನ ಸಾಲಿನವರು ಸೀಟಿ ಹೊಡೆದರು.

"ಏನ್ರೀ ಮಾಸ್ತರ, ಪೇಟಿಗಿ ರೈಲ ಕಟ್ಟೀರೇನು?" ಎಂದು ಮಾಲೀಕರು ಎಲ್ಲರ ಎದುರು ಬೈದರು.

"ಹಾಡು ಜಗ್ಗಿದ್ರ ಮಂದಿ ಏಳ್ತಾರ್ರೀ," ಎಂದ ಅವನು.

ಗಂಗಾದೇವಿ ಬಣ್ಣ ಒರೆಸಿಕೊಳ್ಳುತ್ತ ಕನ್ನಡಿಯಲ್ಲಿಯೇ ಅವನನ್ನು ನೋಡಿದಳು. ಏನನ್ನೂ ಕೇಳಲಿಲ್ಲ. ಬಿಡಾರಕ್ಕೆ ಇಬ್ಬರೂ ಒಂದೇ ದಾರಿಯಲ್ಲಿ, ಅವನು ಮುಂದೆ, ಅವಳು ಕೂಸನ್ನು ಹೊತ್ತುಕೊಂಡು ಹಿಂದೆ, ನಡೆದು ಹೋದರು. ಹಾಗೆ ನಡೆಯುವುದೇ ರೂಢಿಯಾಯಿತು.

*

ಕಂಪನಿಯವರಲ್ಲಿ ಮೊದಲು ಬಂದವನು ಬಂಡೆಪ್ಪ. ಬೆಳಗಾವಿಯ ಬಸ್ಸಿನಿಂದ ಇಳಿದು, ತೋಳಿನಗಲದ ಹೂಮಾಲೆ ಹಿಡಿದು, ಓಣಿಯ ತುದಿಯಿಂದಲೇ ಶುರುಮಾಡಿದ: "ಗಂಗಾ! ನಮ್ಮನ್ನೆಲ್ಲಾ ನಗಿಸಿ ನೀ ಎಲ್ಲಿ ಹೋದೆವ್ವಾ!" ಕೊನೆಯ ಬೆಂಚಿಗೂ ಮುಟ್ಟುವ ದನಿ. ಭಜನೆಯವರು ತಾಳ ನಿಲ್ಲಿಸಿ ನೋಡಿದರು. ಕೂದಲಿಗೆ ಹಚ್ಚಿದ ಕಪ್ಪು ಬೆವರಿಗೆ ಕರಗಿ ಕಿವಿಯ ಮೇಲಿಂದ ಇಳಿಯುತ್ತಿತ್ತು.

ಇಷ್ಟು ದೊಡ್ಡ ಅಳು ಯಾತಕ್ಕೆ? ಚನ್ನಬಸಯ್ಯ ಅವನ ಕೈಗಳನ್ನೇ ನೋಡುತ್ತ ಕೂತ. ಬಂಡೆಪ್ಪ ಮಾಲೆ ಹಾಕಿ, ಬಗ್ಗಿ ಅವಳ ಮುಖ ನೋಡಿ, ತಟ್ಟನೆ ಅಳು ನಿಲ್ಲಿಸಿದ.

"ಇದೇನ್ರೀ ಇದು? ನಮ್ಮ ಗಂಗವ್ವನ ಮಾರಿನ ಅಲ್ಲಲ್ಲ! ಯಾರೋ ಮಾಮಲೇದಾರರ ಹೆಂಡ್ತಿ ಕುಂತಂಗ ಐತಿ."

"ಹಲ್ಲ ಹಾಕೇವ್ರಿ ಕಾಕಾ," ಎಂದಳು ಸಂಗವ್ವ.

ಬಂಡೆಪ್ಪ ಒಮ್ಮೆ ಮಗಳನ್ನು, ಒಮ್ಮೆ ಅಪ್ಪನನ್ನು ನೋಡಿದ. ಆಮೇಲೆ ಬಂದು ಕಟ್ಟೆಯ ಮೇಲೆ ಚನ್ನಬಸಯ್ಯನ ಬಾಜೂಕ್ಕೆ ಕೂತ. ತುಸು ಹೊತ್ತು ತಂಬಾಕು ತಿಕ್ಕಿದ.

"ಮಾಸ್ತರ, ಸಿಟ್ಟಿಗೇಳೂದಿಲ್ಲಂದ್ರ ಒಂದ ಮಾತ ಕೇಳ್ತೀನಿ."

"ಕೇಳ್ರಿ."

"ಇನ್ನ ನಾವರೆ ಎಷ್ಟ ದಿವಸದವರು. ಖರೇ ಹೇಳ್ರಿ. ಆ ಹಲ್ಲ, ನನ್ನ ಸಲುವಾಗಿನ ನೀವ್ ಮುರದ್ರೇನು?"

ಇದೇ ಪ್ರಶ್ನೆಯನ್ನು ಚನ್ನಬಸಯ್ಯ ಬಂಡೆಪ್ಪನಿಗಾಗಿ ಕಾದಿಟ್ಟುಕೊಂಡಿದ್ದ.

"ನೀವ್ ಮುರದೀರಿ ಅಂತ ನಾ ತಿಳಕೊಂಡಿದ್ನಿ," ಎಂದ ಕೊನೆಗೆ.

"ನಾನ? ನಾಯಕಿ ಹಲ್ಲ ನಾ ಮುರದ ಹೊಟ್ಟಿಗಿ ಏನ್ ತಿನ್ಲಿ? ಆಕಿ ಬಿಟ್ಟ ಮ್ಯಾಲ ನನ್ನ ಸಂಗಡ ಯಾವಾಕಿ ಹಂಗ ನಿಂತ ಹಾಡಿದ್ಳು?" ಬಂಡೆಪ್ಪ ತಂಬಾಕನ್ನು ತುಟಿಗೆ ಇಡುವುದನ್ನೇ ಮರೆತ. "ಇಲ್ಲೇ ಹೊಳಿಗಿ ಬಿದ್ದದ್ದಂತೂ ಸುಳ್ಳ, ಅದು ಖರೇ. ನಾ ಹೋಗಿ ನೋಡಿ ಬಂದಿದ್ನಿ, ಆ ಪಾವಟಿಗಿ ಕಲ್ಲಿನ ಮ್ಯಾಲ ಪಾಚಿನ ಇರಲಿಲ್ಲ." ಆಮೇಲೆ ದನಿ ತಗ್ಗಿಸಿ, "ನಿಮ್ಮ ಮ್ಯಾಲ ಸಂಶೇ ಯಾಕ ಬಂತು ಅಂದ್ರ ಮಾಸ್ತರ, ಆಕೀ ಹಾಸ್ಯಕ್ಕ ಇಡೀ ಟೆಂಟ ಬಿದ್ದ ಬಿದ್ದ ನಗ್ತಿತ್ತು. ನೀವೊಬ್ರ ತಲಿ ಬಗ್ಗಿಸಿ ಪೇಟಿಗಿ ಹಣಿ ಹಚ್ಚಿ ಕುಂದರ್ತಿದ್ರಿ. ನಗಲಾರದ ಮನಶ್ಯಾನ ನಂಬಾಕ ಬರೂದಿಲ್ಲ ನೋಡ್ರಿ," ಎಂದ.

*

ಕಂಪನಿ ಖಾನಾಪುರಕ್ಕೆ ಬಂದು ಟೆಂಟು ಹಾಕಿದ ಹೊಸದರಲ್ಲಿ ಪೇಟಿಯ ಎರಡು ಸುರ ಕೆಟ್ಟವು. ಚನ್ನಬಸಯ್ಯ ಅದನ್ನು ಹೊತ್ತುಕೊಂಡು ಬೆಳಗಾವಿಗೆ ಹೋದ. ಸಂಜೆಯ ರೈಲಿಗೆ ತಿರುಗಿ ಬಂದಾಗ ಬಿಡಾರದ ಬಾಗಿಲಲ್ಲಿ ಕಂಪನಿಯ ಮಂದಿ ನಿಂತಿದ್ದರು. ಅವನನ್ನು ಕಂಡು ಸುಮ್ಮನೆ ದಾರಿ ಬಿಟ್ಟರು.

ಗಂಗಾದೇವಿ ಬಾಯಿಗೆ ಅರಿವೆ ಒತ್ತಿಕೊಂಡು ಗೋಡೆಗೆ ಒರಗಿದ್ದಳು. ಪಕ್ಕದಲ್ಲಿ ಮದರಬೀ.

"ಹೊಳಿ ಪಾವಟಿಗಿ ಮ್ಯಾಲ ಜಾರಿದ್ನಿ," ಎಂದಳು ಅರಿವೆಯೊಳಗಿಂದ.

ಅವನು ಅರಿವೆ ಸರಿಸಿ ನೋಡಿದ. ಎರಡು ಹಲ್ಲು ಇರಲಿಲ್ಲ. ತುಟಿ ನೆಟ್ಟಗಿತ್ತು. ಮೂಗು, ಗದ್ದ, ಅಂಗೈ, ಎಲ್ಲೂ ಒಂದು ತರಚು ಇರಲಿಲ್ಲ. ಯಾರ ಜೊತೆ ಹೋಗಿದ್ದೆ, ಬಂಡೆಪ್ಪ ಎಲ್ಲಿದ್ದ ಎಂಬ ಮಾತು ನಾಲಗೆಯ ತುದಿಗೆ ಬಂದು ನಿಂತಿತು. ಅವಳು ಅವನ ಕಣ್ಣನ್ನೇ ನೋಡುತ್ತಿದ್ದಳು, ಕೇಳಲಿ ಎಂದು ಕಾಯುತ್ತಿರುವವಳಂತೆ. ಅವನು ಪೇಟಿಯನ್ನು ಮೂಲೆಯಲ್ಲಿಟ್ಟು ಕಾಲು ತೊಳೆಯಲು ಹೊರಗೆ ಹೋದ. ಬೆಳಗಾಗುವುದರೊಳಗೆ ಕಂಪನಿಗೆಲ್ಲ ಗೊತ್ತಾಗಿತ್ತು, ಮಾಸ್ತರ ಹೊಡೆದ ಎಂದು. ಅವನು ಊರಲ್ಲೇ ಇರಲಿಲ್ಲ ಎಂಬುದು ಯಾರಿಗೂ ನೆನಪಾಗಲಿಲ್ಲ. ನೆನಪಾದವರು, ಹೋಗುವ ಮುಂಚೆ ಹೊಡೆದು ಹೋದ ಎಂದರು. ಗಂಗಾದೇವಿ ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ.

ನಾಯಕಿಯ ಪಾರ್ಟು ಬೇರೆಯವಳಿಗೆ ಹೋಯಿತು. ಅತ್ತೆಯ ಪಾರ್ಟಿನ ಮುದುಕಿಗೆ ಜ್ವರ ಬಂದ ದಿನ ಗಂಗಾದೇವಿ ತಾನಾಗಿಯೇ ಹರಿದ ಸೀರೆ ಉಟ್ಟು ನಿಂತಳು. "ಸೊಸೀ" ಎಂದು ಕರೆಯಲು ಹೋದರೆ ಹಲ್ಲಿನ ಕಿಂಡಿಯಿಂದ ಉದ್ದನೆಯ ಸೀಟಿ ಹೊರಟಿತು. ಅದೇ ಹೊತ್ತಿಗೆ ಸ್ಟೇಷನ್ನಿನ ಕಡೆಯಿಂದ ರೈಲಿನ ಸೀಟಿಯೂ ಕೇಳಿತು. ಜನ ಒಂದು ಕ್ಷಣ ಗಪ್ಪಾದರು. ಗಂಗಾದೇವಿ ಸೊಂಟದ ಮೇಲೆ ಕೈಯಿಟ್ಟು, ಸ್ಟೇಷನ್ನಿನ ಕಡೆ ತಿರುಗಿ ಗದರಿದಳು: "ಬಂದ್ನಿ ತಡಿಯೋ! ಒಬ್ಬಾಕಿ ಎಷ್ಟ ಮಂದೀಗಿ ಓ ಅನ್ಲಿ?"

ಟೆಂಟು ಒಡೆದು ಬಿದ್ದಂತೆ ನಕ್ಕಿತು. ಅಂದಿನಿಂದ ಅವಳು ಕಿಂಡಿ ಗಂಗವ್ವ. ಊರೂರಿನಲ್ಲಿ ಅವಳ ಹೆಸರನ್ನು ಡಂಗುರ ಹೊಡೆದು ಹೇಳುತ್ತಿದ್ದರು. ಅವಳಿಗೆ ಹಾಡಿರಲಿಲ್ಲ, ಕೈ ಹಿಡಿಯುವವರಿರಲಿಲ್ಲ. ಪೇಟಿ ತನ್ನ ಲಯಕ್ಕೆ ಬಂತು.

ಒಮ್ಮೆ, ಸಾಂಬ್ರಾದಲ್ಲಿ ಆಟ ಮುಗಿಸಿ ಬರುವಾಗ, ಹಿಂದಿನಿಂದ ಅವಳು ಕೇಳಿದಳು: "ಎಲ್ಲಾರೂ ನಗ್ತಾರ. ನೀವ್ ಯಾಕ ನಗೂದಿಲ್ರೀ?"

"ನನಗ ಪೇಟಿ ಮ್ಯಾಲ ಲಕ್ಷ್ಯ ಇರ್ತೈತಿ," ಎಂದ ಅವನು, ಮುಂದೆ ನಡೆಯುತ್ತ.

*

ಮದರಬೀ ಬಂದಾಗ ಬಿಸಿಲು ಇಳಿದಿತ್ತು. ಮುದುಕಿಯಾಗಿದ್ದಳು. ಎರಡು ಬಸ್ಸು ಬದಲಿಸಿ ಬಂದ ದಣಿವಿಗೆ ಹೊಸ್ತಿಲಲ್ಲೇ ಕೂತು, ಅಲ್ಲಿಂದಲೇ ಗಂಗವ್ವನನ್ನು ಬಹಳ ಹೊತ್ತು ನೋಡಿದಳು. ಅಳಲಿಲ್ಲ. ಕಾಶವ್ವ ನೀರು ಕೊಟ್ಟಳು.

"ಬಣ್ಣ ಸರಿ ಹಚ್ಚಿಲ್ಲ," ಎಂದಳು ಮದರಬೀ. "ಆಕೀಗಿ ಇಷ್ಟ ವಿಭೂತಿ ಹತ್ತೂದಿಲ್ಲ. ಮಾರಿ ಬೆಳ್ಳಗ ಕಾಣತೈತಿ."

ಚನ್ನಬಸಯ್ಯ ಅವಳನ್ನು ಹಿತ್ತಲಿಗೆ ಕರೆದುಕೊಂಡು ಹೋದ. ಒಗೆಯುವ ಕಲ್ಲಿನ ಮೇಲೆ ಅವಳನ್ನು ಕೂಡಿಸಿ ತಾನು ನಿಂತ. ಒಳಗೆ ಸಂಗವ್ವ ಹೂವು ಬಿಡಿಸುತ್ತಿರುವುದು ಕಿಟಕಿಯಿಂದ ಕಾಣುತ್ತಿತ್ತು. ಕೂಗಿದರೆ ಕೇಳುವಷ್ಟು ಹತ್ತಿರ.

"ಮದರಬೀ, ಅವತ್ತ ಹೊಳ್ಯಾಗ ಏನಾತು?"

"ಹೊಳಿಗಿ ಎಲ್ಲಿ ಹೋಗಿದ್ವಿ? ಸಂತಿಗಿ ಹೋಗಿದ್ವಿ."

"ಸಂತಿಗಿ?"

"ಬಾಯಿ ಬಿಡಬ್ಯಾಡ ಅಂತ ಆಣಿ ಹಾಕಿದ್ಳು. ಈಗ ಆಕೀನ ಬಾಯಿ ಮುಚ್ಚಿ ಕುಂತಾಳ, ನಾ ಯಾರಿಗಿ ಹೆದರ್ಲಿ." ಮದರಬೀ ಮೊಣಕಾಲು ತಿಕ್ಕಿಕೊಂಡಳು. "ಆಲದ ಗಿಡದ ಬುಡಕ ಹಲ್ಲ ಕೀಳಾಂವ ಕುಂತಿದ್ದ. ಮುಂದ ಒಂದ ಕೆಂಪ ಅರಿವಿ, ಅದರ ಮ್ಯಾಲ ಹಲ್ಲಿನ ರಾಶಿ. 'ಯಾವ್ದು ನೋಯತೈತಿ ಬಾಯಾರ?' ಅಂದ. 'ಯಾವ್ದೂ ಇಲ್ಲ, ಇವೆರಡ ತಗಿ' ಅಂದ್ಳು. ಅಂವ ಇಕ್ಕಳ ಕೆಳಗಿಟ್ಟ. 'ಹಾಲಿನಂಥಾ ಹಲ್ಲ ಕಿತ್ರ ನನಗ ಪಾಪ ಸುತಗೋತೈತಿ, ಏಳ್ರಿ' ಅಂದ."

"ಆಮ್ಯಾಲ?"

"ಆಮ್ಯಾಲೇನು, ಗದ್ದ ಹಿಡಕೊಂಡ ನೆಲಕ್ಕ ಬಿದ್ದ ಹೊಳ್ಳಾಡಿದ್ಳು. ಯಪ್ಪಾ ಸತ್ನಿ, ಯವ್ವಾ ಸತ್ನಿ, ಹಲ್ಲಿನ್ಯಾಗ ಚೇಳ ಕಡಿಯಾಕತ್ತೈತಿ ಅಂತ ಒದರಿದ್ಳು. ನನಗ ಗೊತ್ತಿದ್ದೂ ಖರೇನ ಅನಿಸಿಬಿಡ್ತು ನೋಡ್ರಿ. ಸಂತೀ ಮಂದಿ ಕಾಯಿಪಲ್ಲೆ ಬುಟ್ಟಿ ಇಟ್ಟು ಸುತ್ತ ನಿಂತು ನಕ್ಕ ನಕ್ಕ ಸಾಕಾದ್ರು. 'ಕೀಳೋ ಮಾರಾಯಾ, ಪುಣ್ಯಾ ಬರ್ತೈತಿ' ಅಂತ ಆ ಮನಶ್ಯಾಗ ಗಂಟಬಿದ್ರು. ಅಂವ ಕಿತ್ತ. ನಾನ ತಲಿ ಹಿಡದಿದ್ನಿ." ಅವಳು ತನ್ನ ಅಂಗೈಗಳನ್ನು ನೋಡಿಕೊಂಡಳು. "ಆಕೀ ಮೊದಲನೇ ಹಾಸ್ಯದ ಪಾರ್ಟ ಅದ ಮಾಸ್ತರ. ಟೆಂಟಿನ್ಯಾಗ ಮಾಡಿದ್ದು ಆಮ್ಯಾಲ."

ಒಳಗೆ ಭಜನೆಯವರು ಮತ್ತೆ ಶುರುಮಾಡಿದ್ದರು.

"ಯಾಕ?" ಎಂದ ಚನ್ನಬಸಯ್ಯ. "ಯಾಕ ಕೀಳಿಸಿಕೊಂಡ್ಳು?"

"ನಾನೂ ಕೇಳಿದ್ನಿ. ಬಾಯಿ ತುಂಬ ರಕ್ತ, ಅರಿವಿ ಒತಗೊಂಡು ಅಂದ್ಳು: 'ಹಾಡಿನ್ಯಾಗ ಪೇಟಿ ಓಡಾಕತ್ತೈತಿ ಮದರಬೀ. ಅದರ ಬೆನ್ನ ಹತ್ತಿ ಓಡಿ ಓಡಿ ನನಗ ಸಾಕಾಗೇತಿ.' ಹಲ್ಲಿಗೂ ಪೇಟೀಗೂ ಏನ್ ಸಂಬಂಧ, ನನಗೇನ್ ತಿಳಿಲಿಲ್ಲ. ನಿಮಗೇನರೆ ತಿಳಿತೈತೇನ್ರೀ?"

ಒಗೆಯುವ ಕಲ್ಲಿನ ಬುಡದಲ್ಲಿ ಗಂಗವ್ವ ನಿನ್ನೆ ಮಧ್ಯಾಹ್ನ ತಿಕ್ಕಿ ಬೋರಲು ಹಾಕಿದ್ದ ತಾಮ್ರದ ಚರಿಗೆ ಹಾಗೆಯೇ ಇತ್ತು. ಚನ್ನಬಸಯ್ಯ ಅದನ್ನು ಎತ್ತಿ, ನೋಡಿ, ಮತ್ತೆ ಅಲ್ಲಿಯೇ ಇಟ್ಟ.

"ಮಂದಿ ನಿಮ್ಮನ್ನ ಅಂತಾರ, ನನಗ ಗೊತ್ತೈತಿ," ಎಂದಳು ಮದರಬೀ ಏಳುತ್ತ. "ಹುಡಿಗೀನೂ ಹಂಗ ತಿಳಕೊಂಡಾಳ. ಕರೀರಿ ಇಲ್ಲಿ, ಮಣ್ಣಾಗೂದರಾಗ ಹೇಳಿಬಿಡ್ತೀನಿ, ಮಾಸ್ತರ ಕೈ ಎತ್ತಿಲ್ಲವ್ವಾ ಅಂತ."

ಬೆಳಗಿನಿಂದ ಅವನು ಕಾದಿದ್ದ ಮಾತು. ಕಿಟಕಿಯಲ್ಲಿ ಸಂಗವ್ವ ತಲೆಯೆತ್ತಿ ಅವರ ಕಡೆಗೇ ನೋಡುತ್ತಿದ್ದಳು, ಇವರಿಬ್ಬರೂ ಕೂಡಿ ಏನನ್ನು ಮುಚ್ಚಿಡುತ್ತಿದ್ದಾರೆ ಎನ್ನುವ ಹಾಗೆ.

"ಬ್ಯಾಡ," ಎಂದ ಚನ್ನಬಸಯ್ಯ. "ಆಕಿ ತಿಳಕೊಂಡಿದ್ದು ಹಂಗ ಇರ್ಲಿ. ಪೂರಾ ಸುಳ್ಳೂ ಅಲ್ಲ ಅದು."

*

ಎತ್ತುವ ಹೊತ್ತಿಗೆ ಅವನು ಹೆಂಡತಿಯ ಮುಂದೆ ಕೂತು ಮಗಳಿಗೆ ಹೇಳಿದ: "ಸಂಗವ್ವಾ, ಆ ಹಲ್ಲ ತಗಿ."

"ಅಪ್ಪಾ! ಊರ ಮಂದಿ ಎಲ್ಲಾ ನಿಂತಾರ."

"ನಿಲ್ಲಲಿ. ಹಾಕ್ಕೊಂಡಾಕಿ ಅಲ್ಲ ಆಕಿ. ತಗಿ."

ಸಂಗವ್ವ ಅಪ್ಪನ ಮುಖವನ್ನು ಆ ದಿನ ಮೊದಲ ಸಲ ನೇರವಾಗಿ ನೋಡಿದಳು. ಅಲ್ಲಿ ಏನು ಕಂಡಳೋ, ಅವಳ ಸಂಶಯ ಇನ್ನಷ್ಟು ಗಟ್ಟಿಯಾಯಿತೋ ಏನೋ. ಬಾಗಿ ಹಲ್ಲನ್ನು ತೆಗೆದು ಸೆರಗಿಗೆ ಕಟ್ಟಿಕೊಂಡಳು. ದವಡೆ ತುಸು ಇಳಿದು ತುಟಿಗಳ ನಡುವೆ ಕಿಂಡಿ ತೆರೆಯಿತು. ಬಾಗಿಲಲ್ಲಿದ್ದ ಒಬ್ಬ ಮುದುಕಿ, "ಬಂದ್ಳು ನೋಡ್ರಿ ನಮ್ಮ ಗಂಗವ್ವ," ಎಂದು ಕಿಸಕ್ಕನೆ ನಕ್ಕು, ನಕ್ಕದ್ದಕ್ಕೆ ನಾಚಿ, ಜೋರಾಗಿ ಅತ್ತಳು.

ಬಿದಿರಿನ ವಿಮಾನದಲ್ಲಿ ಕೂಡಿಸಿ, ಹೆಗಲ ಮೇಲೆ ಹೊತ್ತು ಮಲಪ್ರಭೆಯ ದಂಡೆಯ ರುದ್ರಭೂಮಿಗೆ ಒಯ್ದರು. ಕುಣಿಯ ಒಳಗೋಡೆಯಲ್ಲಿ ಗೂಡು ತೋಡಿ ಇಟ್ಟಿದ್ದರು. ಅಯ್ಯನವರು ಬಿಲ್ವಪತ್ರೆ ಕೇಳಿದರು, ವಿಭೂತಿ ಕೇಳಿದರು, ಹೊತ್ತು ನೋಡಿದರು. ಭಜನೆಯ ಬಾಳಪ್ಪ ಕೊರಳಿಗೆ ಪೇಟಿ ತೂಗುಹಾಕಿಕೊಂಡು ನಿಂತಿದ್ದ. ಹೊತ್ತು ಮುಳುಗಲು ಬಂದಿತ್ತು. ಅವನ ಕೈ ಅವಸರಕ್ಕೆ ಬಿತ್ತು. ಹಾಡು ಓಡಿತು. ತಾಳದವರು ಅದರ ಹಿಂದೆ ಓಡಿದರು. ಗಂಗವ್ವನನ್ನು ಇಳಿಸುತ್ತಿದ್ದವರ ಕೈಗಳೂ ಆ ಲಯಕ್ಕೇ ಅವಸರ ಮಾಡಿದವು.

"ಸಾವಕಾಶ," ಎಂದ ಚನ್ನಬಸಯ್ಯ.

ಯಾರಿಗೂ ಕೇಳಲಿಲ್ಲ. ಅವನು ಹೋಗಿ ಬಾಳಪ್ಪನ ಕೊರಳಿನಿಂದ ಪೇಟಿಯನ್ನು ಬಿಚ್ಚಿಕೊಂಡ. ಕುಣಿಯ ಅಂಚಿನಲ್ಲಿ, ಹಸಿ ಮಣ್ಣಿನ ಗುಡ್ಡೆಯ ಮೇಲೆ ಅದನ್ನಿಟ್ಟು ಕೂತ. "ಇದೇನ್ ಪದ್ಧತಿ, ಹೇಣ್ತಿ ಮಣ್ಣಾಗ ಪೇಟಿ ಬಾರಸ್ತಾನ," ಎಂದು ಹಿಂದೆ ಯಾರೋ ಅಂದರು. ಅವನು ಎಡಗೈಯಿಂದ ತಿದಿಯನ್ನು ಮೆಲ್ಲಗೆ ಒತ್ತಿದ. ಒಂದು ಸುರ ಪೂರಾ ಮುಗಿದು, ಆಮೇಲೆ ಇನ್ನೊಂದು. ಹಾಡುವವರಿಗೆ ಉಸಿರು ತೆಗೆದುಕೊಳ್ಳಲು ಜಾಗ ಸಿಕ್ಕಿತು. ಹಿಡಿದವರ ಕೈಗಳು ನಿಧಾನವಾದವು. ಗಂಗವ್ವ ಅವಸರವಿಲ್ಲದೆ ಇಳಿದು ಗೂಡಿನಲ್ಲಿ ಕೂತಳು, ತುಸು ಬಾಯಿ ತೆರೆದು, ಇವನ ಕಡೆಗೇ ಮುಖ ಮಾಡಿ.

ಮೊದಲ ಹಿಡಿ ಮಣ್ಣನ್ನು ಸಂಗವ್ವ ಹಾಕಿದಳು. ಆಮೇಲೆ ಕಾಶವ್ವ, ಮದರಬೀ, ಬಂಡೆಪ್ಪ. ಹೊಳೆಯ ಆಚೆ ಸಂಜೆಯ ರೈಲು ಸ್ಟೇಷನ್ ಬಿಡುತ್ತ ಉದ್ದಕ್ಕೆ ಸೀಟಿ ಹೊಡೆಯಿತು. ಚನ್ನಬಸಯ್ಯ ತಲೆ ಬಗ್ಗಿಸಿ ಹಣೆಯನ್ನು ಪೇಟಿಗೆ ಹಚ್ಚಿದ. ಅವನ ಹೆಗಲು ಅಲುಗುತ್ತಿತ್ತು. ಬಂಡೆಪ್ಪ ಮದರಬೀಯ ಕಡೆ ನೋಡಿದ. ಸಂಗವ್ವ ಮಾತ್ರ ಅಪ್ಪನನ್ನೇ ನೋಡುತ್ತಿದ್ದಳು.

ಟೆಂಟಿನಲ್ಲಿ ಅವಳು ಆ ಕಿಂಡಿಯಿಂದ ಸೀಟಿ ಹೊಡೆದಾಗಲೆಲ್ಲ ಅವನು ಹೀಗೆಯೇ ತಲೆ ಬಗ್ಗಿಸಿ, ಪೇಟಿಗೆ ಹಣೆ ಹಚ್ಚಿ, ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದ. ಅದನ್ನು ಅವಳಿಗೆ ಒಮ್ಮೆಯೂ ಹೇಳಿರಲಿಲ್ಲ.